ಗೌರಿ ಮತ್ತೆ ಬೆದೆಗೆ ಬಂದಳು

ಸರಿಯಾಗಿ 21ನೇ ದಿನಕ್ಕೆ. ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಬಾಲಕ್ಕೆ ಗಾಜಿನೆಳೆಯಂಥ ಲೋಳೆ ಅಂಟಿಕೊಂಡು ಹೊಳೆಯುತ್ತಿತ್ತು, ಮೂರನೇ ಸಲ ಸೆಮೆನ್ ಹಾಕಿಸಿದ್ದೂ ದಂಡ. ಅಮ್ಮ ದೃಷ್ಟಿ ಅಂದರು. ನನಗೆ ಕಾಲೇಜಲ್ಲಿ ಓದಿದ್ದು ನೆನಪಾಯಿತು.

ಕರು ಹಾಕಿದ ಮೊದಲ ಎರಡು ವಾರ ಹೆಚ್ಚುಕಮ್ಮಿ ಎಲ್ಲ ಹಸುವಿನ ಗರ್ಭಕೋಶಕ್ಕೂ ಬ್ಯಾಕ್ಟೀರಿಯಾ ನುಗ್ಗುತ್ತದೆ. ಅಲ್ಲಿ ಜೀವಕೋಶಗಳ ಮೇಲಿರುವ ಟಿಎಲ್ಆರ್4 ಅನ್ನೋ ಪ್ರೋಟೀನೇ ಕಾವಲುಗಾರ. ಇ-ಕೋಲಿ ಬ್ಯಾಕ್ಟೀರಿಯಾದ ಹೊರಪದರ ತಾಗಿದರೆ ಸಾಕು, ಉರಿಯೂತ ಶುರುಮಾಡುವ ಐಎಲ್6, ಐಎಲ್8 ಜೀನ್‌ಗಳನ್ನು ಎಬ್ಬಿಸುತ್ತದೆ, ಬಿಳಿ ರಕ್ತಕಣಗಳು ಓಡಿ ಬರುತ್ತವೆ. ಈ ಗಲಾಟೆ ತಣ್ಣಗಾಗದಿದ್ದರೆ ಗಬ್ಬ ಕಟ್ಟುವುದು ಕಷ್ಟ.

ನನಗೆ ಜಾಸ್ತಿ ಮಜಾ ಅನಿಸೋದು ಮುಂದಿನದು. 16-17ನೇ ದಿನದ ಭ್ರೂಣ ಇಂಟರ್‌ಫೆರಾನ್ ಟೌ ಅನ್ನೋ ಪ್ರೋಟೀನ್ ಬಿಡುತ್ತದೆ, ಆಗ ತಾಯಿಯ ಗರ್ಭಕೋಶದಲ್ಲಿ ಏಳುವುದು ವೈರಸ್ ಬಂದಾಗ ಏಳುವ ಅದೇ ಐಎಸ್‌ಜಿ15, ಎಂಎಕ್ಸ್1 ಜೀನ್‌ಗಳು, ಜೊತೆಗೆ ಹಸುವನ್ನು ಮತ್ತೆ ಬೆದೆಗೆ ತರುವ ಪ್ರೊಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕದ ಹೊಡೆತ ತಪ್ಪಿ ಮುಂದಿನ ಬೆದೆಯೂ ನಿಲ್ಲುತ್ತದೆ. ವೈರಸ್ಸಿಗೆ ಅಂತ ಕಟ್ಟಿದ ಗಂಟೆಯನ್ನು ಕರುವೇ ಬಾರಿಸೋದು, ಅಲ್ವಾ!

ಗೌರಿ ಹೊಟ್ಟೆಯಲ್ಲಿ ಯಾರೂ ಬಾರಿಸಲಿಲ್ಲ. ಕಳೆದ ಸಲ ಮಾಸು ಬೀಳಲು ಎರಡು ದಿನ ಹಿಡಿದಿತ್ತು, ಸೋಂಕು ಆಗಲೇ ಹಿಡಿದಿರಬೇಕು ಅಂತ ನನ್ನ ಅನುಮಾನ. ಸಂಜೆ ಡಾಕ್ಟರು ಬರುತ್ತಾರೆ.