ಪ್ಲೀ ಬಾರ್ಗೇನಿಂಗ್ ಅರ್ಜಿ ಹಾಕಿದ ಮೇಲೆ ಹಿಂದೆ ಸರಿಯಬಹುದಾ?

ಕಲಬುರಗಿಯಲ್ಲಿ ವಕೀಲಿಕೆ ಮಾಡುವ ನನಗೆ ಆರೋಪಿಗಳ ಮನೆಯವರು ಪದೇ ಪದೇ ಕೇಳುವ ಪ್ರಶ್ನೆ ಇದು: "ಸಾಹೇಬ್ರ, ತಪ್ಪು ಒಪ್ಪಿಕೊಂಡು ಅರ್ಜಿ ಹಾಕೀವಿ. ಈಗ ವಾಪಸ್ ತಗೊಳ್ಳಾಕ ಬರ್ತದೇನ್ರಿ?"

ಪ್ಲೀ ಬಾರ್ಗೇನಿಂಗ್ ಅಂದರೆ ಆರೋಪಿ ತಪ್ಪು ಒಪ್ಪಿಕೊಂಡು, ಕಡಿಮೆ ಶಿಕ್ಷೆಗಾಗಿ ಕೋರ್ಟಿನ ಮೂಲಕ ಮಾಡಿಕೊಳ್ಳುವ ರಾಜಿ. ಅದರಿಂದ ಹಿಂದೆ ಸರಿಯುವುದಕ್ಕೆಂದೇ ಬೇರೆ ಕಲಂ ಇಲ್ಲ. ಆದರೆ ದಾರಿ ಇದೆ. ಅರ್ಜಿ ಹಾಕಿದ ಮಾತ್ರಕ್ಕೆ ಶಿಕ್ಷೆ ಆಗುವುದಿಲ್ಲ. ಮೊದಲು ನ್ಯಾಯಾಧೀಶರು ಆರೋಪಿಯನ್ನು ಗುಟ್ಟಾಗಿ ವಿಚಾರಿಸುತ್ತಾರೆ. ಎದುರು ಪಕ್ಷದವರು ಅಲ್ಲಿ ಇರುವಂತಿಲ್ಲ. ಸ್ವಂತ ಇಷ್ಟದಿಂದ ಹಾಕಿದ ಅರ್ಜಿಯಾ ಅಂತ ತಿಳಿಯಲಿಕ್ಕೇ ಈ ಏರ್ಪಾಡು. ಯಾರಾದರೂ ಹೆದರಿಸಿದ್ದರೆ, ಓದದೆ ಸಹಿ ಮಾಡಿದ್ದರೆ, ಅಲ್ಲೇ ಬಾಯಿ ಬಿಟ್ಟು ಹೇಳಬೇಕು. ಬಹಳ ಜನ ಗಾಬರಿಯಲ್ಲಿ ಎಲ್ಲದಕ್ಕೂ "ಹೌದ್ರಿ" ಅಂದುಬಿಡುತ್ತಾರೆ. ನನಗೆ ಜಾಸ್ತಿ ಸಂಕಟ ಆಗುವುದು ಇಲ್ಲೇ. ಒತ್ತಾಯದ ಅರ್ಜಿ ಅಂತ ಕೋರ್ಟಿಗೆ ಕಂಡರೆ, ಅರ್ಜಿ ಹಾಕಿದಾಗ ಕೇಸು ಎಲ್ಲಿತ್ತೋ ಅಲ್ಲಿಂದಲೇ ವಿಚಾರಣೆ ಮುಂದುವರಿಯುತ್ತದೆ.

ಆಮೇಲೆ ಸರ್ಕಾರಿ ವಕೀಲರು, ತನಿಖಾಧಿಕಾರಿ, ನೊಂದವರು, ಆರೋಪಿ ಕೂತು ರಾಜಿಯ ಮಾತಾಡುತ್ತಾರೆ. ಕ್ರಿಮಿನಲ್ ಕೇಸು ನಡೆಸುವ ಈಗಿನ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದಕ್ಕೆ 60 ದಿನದ ಗಡುವು. ನೊಂದವರಿಗೆ ಕೊಡಬೇಕಾದ ಪರಿಹಾರದ ಮೊತ್ತ ಒಪ್ಪಿಗೆಯಾಗದಿದ್ದರೆ ಸಹಿ ಮಾಡಬೇಡಿ. ಆಗಲೂ ಕೇಸು ಹಳೆಯ ಹಂತಕ್ಕೇ ಹೋಗುತ್ತದೆ. ಸಹಿ ಆದ ಮೇಲೆ ಮನಸ್ಸು ಬದಲಾದರೆ ತೀರ್ಪಿಗೆ ಮುಂಚೆ ನ್ಯಾಯಾಧೀಶರಿಗೆ ತಿಳಿಸಿ. ಆದರೆ ಅಷ್ಟೊತ್ತಿಗೆ ನಿಮ್ಮ ಮಾತಿನ ಬಲ ಕಡಿಮೆಯಾಗಿರುತ್ತದೆ.

"ಒಪ್ಪಿಕೊಂಡಿದ್ದೇ ಸಾಕ್ಷಿ ಆಗಲ್ವಾ?" ಅಂತ ಹೆದರಿ ಸುಮ್ಮನಿರುವವರೂ ಇದ್ದಾರೆ. ಆಗುವುದಿಲ್ಲ. ಅರ್ಜಿಯಲ್ಲಿ ಹೇಳಿದ್ದನ್ನು ಬೇರೆ ಯಾವುದಕ್ಕೂ ಬಳಸುವಂತಿಲ್ಲ ಅಂತ ಅದೇ ಸಂಹಿತೆಯ ಕಲಂ 299 ಹೇಳುತ್ತದೆ.

ತೀರ್ಪು ಬಂದರೆ ಮಾತ್ರ ಕಷ್ಟ. ಮಾಮೂಲಿ ಅಪೀಲು ಇಲ್ಲ. ನಮ್ಮ ಕಲಬುರಗಿ ಹೈಕೋರ್ಟ್ ಪೀಠದಲ್ಲಿ ರಿಟ್ (ಸಂವಿಧಾನದ ಅಡಿ ನೇರವಾಗಿ ಹೈಕೋರ್ಟಿಗೆ ಹಾಕುವ ಅರ್ಜಿ), ಇಲ್ಲವೇ ಸುಪ್ರೀಂ ಕೋರ್ಟಿನಲ್ಲಿ ವಿಶೇಷ ಅನುಮತಿ ಅರ್ಜಿ, ಅಷ್ಟೇ.

ಹಾಗಂತ ಅವಸರದಲ್ಲಿ ಹಿಂದೆ ಸರಿಯಬೇಡಿ. ತಪ್ಪು ನಿಜವಾಗಿಯೂ ಆಗಿದ್ದರೆ ಲೆಕ್ಕ ಹಾಕಿ ನೋಡಿ. ಮೂರು ವರ್ಷದವರೆಗೆ ಶಿಕ್ಷೆ ಇರುವ ಕಳ್ಳತನದ ಕೇಸಿನಲ್ಲಿ, ಮೊದಲ ಸಲ ತಪ್ಪು ಮಾಡಿದವರಿಗೆ ಆರನೇ ಒಂದು ಭಾಗ, ಅಂದರೆ ಆರು ತಿಂಗಳ ಶಿಕ್ಷೆಗೆ ಅವಕಾಶ ಇದೆ. ಆಗಲೇ ಜೈಲಲ್ಲಿ ಕಳೆದ ದಿನಗಳೂ ಅದರಲ್ಲಿ ವಜಾ ಆಗುತ್ತವೆ. ತಪ್ಪೇ ಮಾಡದವರು ಈ ಲೆಕ್ಕಕ್ಕೆ ಮರುಳಾಗಬೇಡಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಸಹಿ ಮಾಡುವುದೂ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ ಉಚಿತ ವಕೀಲರನ್ನು ಕೇಳಿ.