ಪಣಜಿಯ ಕ್ಯಾಸಿನೊಗೆ ಹೊರಟವರು ಕೂಪನ್ ವಿಷಯ ಮೊದಲು ತಿಳಿದುಕೊಳ್ಳಿ

"ನಮ್ಮ ಕಡೆಯವರೇನ್ರಿ? ಹುಬ್ಬಳ್ಳಿಯವರಾ?"

ಪಣಜಿಯಲ್ಲಿ ಮಾಂಡೋವಿ ನದಿಯ ದಂಡೆಗುಂಟ ನಡೆಯುತ್ತಿದ್ದಾಗ ಒಬ್ಬ ಹೀಗೆ ಕೇಳಿದ. ಪರಊರಲ್ಲಿ ನಮ್ಮ ಭಾಷೆ ಕಿವಿಗೆ ಬಿದ್ದರೆ ಯಾರಿಗೆ ಖುಷಿಯಾಗಲ್ಲ? ನಾವು ನಾಲ್ವರೂ ನಿಂತೆವು. ದೊಡ್ಡ ಛತ್ರಿ, ಒಂದು ಸ್ಟೂಲ್, ಲ್ಯಾಮಿನೇಶನ್ ಮಾಡಿಸಿದ ರೇಟ್ ಕಾರ್ಡ್. ಅಷ್ಟೇ ಅವನ ಕ್ಯಾಸಿನೊ ಟಿಕೆಟ್ ಅಂಗಡಿ.

"ಇವತ್ತ ಎಲ್ಲಾ ಫುಲ್ ಆಗ್ಯದ ಅಕ್ಕಾರ. ನಾಳಿಗೆ ಮಾಡಿಕೊಡ್ತೀನಿ. ಒಬ್ಬರಿಗೆ ಮೂರು ಸಾವಿರ. ಊಟ, ಡ್ರಿಂಕ್ಸು ಎಲ್ಲಾ ಅದರಾಗ ಬಂತು. ಮ್ಯಾಲ ಎರಡು ಸಾವಿರದ ಚಿಪ್ಸ್ ಫ್ರೀ."

ಚಿಪ್ಸ್ ಅಂದರೆ ಕ್ಯಾಸಿನೊ ಟೇಬಲ್ ಮೇಲೆ ದುಡ್ಡಿನ ಬದಲು ಇಟ್ಟು ಆಡುವ ಬಿಲ್ಲೆ. ನಮ್ಮನೆಯವರು ಅಲ್ಲೇ ಮೊಬೈಲ್‌ನಿಂದ 12,000 ರೂಪಾಯಿ ಹಾಕಿಬಿಟ್ಟರು. ಮರುದಿನ ಸಂಜೆ ಕ್ಯಾಸಿನೊ ಕೌಂಟರ್‌ನಲ್ಲಿ ಬರೆದು ಹಾಕಿದ್ದ ದರ ನೋಡಿದೆ. ಸೋಮವಾರದಿಂದ ಗುರುವಾರದವರೆಗೆ 2,000. ಶುಕ್ರವಾರದಿಂದ 2,500. ನಿನ್ನೆ ನಿಜವಾಗಿಯೂ ಫುಲ್ ಇತ್ತಾ ಅಂತ ಕೌಂಟರ್ ಹುಡುಗಿಯನ್ನು ಕೇಳಿದೆ. "ಇಲ್ಲ ಮೇಡಂ, ನಿನ್ನೆ ಖಾಲಿ ಇತ್ತು" ಅಂದಳು. ಅಂದರೆ ಆ ಮನುಷ್ಯ ತಲೆಗೆ 500 ಇಟ್ಟುಕೊಂಡ. ಅಗ್ಗದ ದಿನ ಬಿಡಿಸಿ ದುಬಾರಿ ದಿನಕ್ಕೆ ನಮ್ಮನ್ನು ತಳ್ಳಿದ್ದು ಬೇರೆ. ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ನಮ್ಮ ಮಾತಿನಲ್ಲೇ ಮೋಸ ಮಾಡಿದನಲ್ಲ ಅಂತ. ನಮ್ಮ ಕಡೆಯಿಂದ ಅಲ್ಲಿಗೆ ಹೋಗುವವರು ಬಹಳ ಜನ ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಟಿಕೆಟ್ ದಂಡೆಯ ಮೇಲೆ ಯಾರ ಹತ್ತಿರವೂ ಕೊಳ್ಳಬೇಡಿ. ನೇರವಾಗಿ ಕ್ಯಾಸಿನೊದ ಕೌಂಟರ್‌ಗೆ ಹೋಗಿ, ಬೋರ್ಡ್ ಓದಿ, ರಸೀದಿ ತೆಗೆದುಕೊಳ್ಳಿ.

ಹೋಗಿದ್ದು ನಾನು, ನಮ್ಮನೆಯವರು, ಗದಗದಿಂದ ಬಂದ ನನ್ನ ನಾದಿನಿ ಮತ್ತು ಅವಳ ಗಂಡ. ಮಕ್ಕಳನ್ನು ಅತ್ತೆಯವರ ಹತ್ತಿರ ಬಿಟ್ಟಿದ್ದೆವು. 21 ವರ್ಷ ಆಗದವರನ್ನು ಆಟದ ಕಡೆಗೆ ಬಿಡುವುದಿಲ್ಲ, ಮಕ್ಕಳನ್ನು ಕರೆದುಕೊಂಡು ಹೋದರೆ ಒಬ್ಬರು ಹೊರಗೇ ಕೂರಬೇಕಾಗುತ್ತದೆ.

ಹೋಗುವಾಗ ಹುಬ್ಬಳ್ಳಿಯ ಗೋಕುಲ ರಸ್ತೆ ನಿಲ್ದಾಣದಿಂದ ಬೆಳಗಿನ ಸರ್ಕಾರಿ ಬಸ್ಸು ಹಿಡಿದೆವು. ಧಾರವಾಡ, ರಾಮನಗರ, ಅನಮೋಡ ಘಟ್ಟ, ಮೊಲ್ಲೆಂ, ಫೋಂಡಾ. ಹತ್ತಿರ ಹತ್ತಿರ ಆರು ತಾಸು. ಟಿಕೆಟ್ ತಲೆಗೆ 350 ಆಯಿತು. ಒಬ್ಬರು ಅಜ್ಜಿ ಆಧಾರ್ ಹಿಡಿದು ಹತ್ತಿದ್ದರು, ಕಂಡಕ್ಟರ್ ದುಡ್ಡು ಕೇಳಿದಾಗ ಗಾಬರಿಯಾದರು. ಹೊರರಾಜ್ಯದ ಬಸ್ಸಿಗೆ ಶಕ್ತಿ ಯೋಜನೆ ನಡೆಯುವುದಿಲ್ಲ, ಹೆಣ್ಣುಮಕ್ಕಳು ಇದನ್ನು ನೆನಪಿಡಿ. ಆಧಾರ್ ಮಾತ್ರ ಅಸಲಿಯೇ ಇರಲಿ. ಕ್ಯಾಸಿನೊ ಬಾಗಿಲಲ್ಲಿ ಗುರುತಿನ ಚೀಟಿ ಇಲ್ಲದೆ ಕೆಲಸ ನಡೆಯಲ್ಲ.

ಪಣಜಿಯ ಬಸ್ ನಿಲ್ದಾಣದ ಹೆಸರೇ ಕದಂಬ. ಗೋವಾದ ಸರ್ಕಾರಿ ಬಸ್ಸುಗಳೂ ಕದಂಬವೇ. ನಮ್ಮ ಬನವಾಸಿಯ ಕದಂಬರದೇ ಒಂದು ಶಾಖೆ ಗೋವಾ ಆಳಿತ್ತು, ಬೆಳಗಾವಿ ಜಿಲ್ಲೆಯ ಹಲಸಿಯೂ ಅವರ ರಾಜಧಾನಿಯಾಗಿತ್ತು. ಬಸ್ಸಿನ ಮೇಲೆ ಆ ಹೆಸರು ಓದಿ ನನಗೆ ಹೆಮ್ಮೆ ಅನಿಸಿತು.

ರೂಮಿನ ಬಗ್ಗೆ ಎರಡೇ ಮಾತು. ಫೋನಿನಲ್ಲಿ ರೂಮಿಗೆ ದಿನಕ್ಕೆ 1,400 ಅಂದಿದ್ದರು. ಶುಕ್ರವಾರ ರಾತ್ರಿಗೆ "ವೀಕೆಂಡ್ ಅಲ್ವಾ" ಅಂತ 2,300 ಹಿಡಿದರು. ಫೋನಿನಲ್ಲೇ ಪ್ರತಿ ದಿನದ ರೇಟು ಬೇರೆ ಬೇರೆಯಾಗಿ ಕೇಳಿ ಮೆಸೇಜ್ ಹಾಕಿಸಿಕೊಳ್ಳಿ. ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲೇ ರೂಮು ಮಾಡಿ. ಕ್ಯಾಸಿನೊಗೆ ಹೋಗುವ ಜೆಟ್ಟಿ ಕೂಡ ಅಲ್ಲಿಂದ ನಡೆಯುವ ದಾರಿಯೇ. ಕಲಂಗುಟ್ ಕಡೆ ಉಳಿದರೆ ನಡುರಾತ್ರಿ ವಾಪಸ್ ಹೋಗಲು ಟ್ಯಾಕ್ಸಿಯವರು ಹೇಳಿದ್ದೇ ರೇಟು.

ಈಗ ಹಡಗಿನ ವಿಷಯ. ಕ್ಯಾಸಿನೊ ಇರುವುದು ಹಡಗಿನೊಳಗೆ. ನಾದಿನಿ ಹಡಗು ಸಮುದ್ರಕ್ಕೆ ಹೋಗುತ್ತದೆ ಅಂದುಕೊಂಡಿದ್ದಳು, ವಾಂತಿ ಗುಳಿಗೆ ಕೂಡ ತಂದಿದ್ದಳು. ಹಡಗು ನದಿಯಲ್ಲಿ ನಿಂತಲ್ಲೇ ನಿಂತಿರುತ್ತದೆ. ಜೆಟ್ಟಿಯಿಂದ ಸಣ್ಣ ಬೋಟಿನಲ್ಲಿ ಕರೆದೊಯ್ಯುತ್ತಾರೆ, ರಾತ್ರಿಯಿಡೀ ಬೋಟು ಓಡಾಡುತ್ತಿರುತ್ತದೆ. ಬೇಕಾದಾಗ ಇಳಿದು ಬರಬಹುದು. ಚಡ್ಡಿ, ಚಪ್ಪಲಿ ಹಾಕಿದ್ದ ಇಬ್ಬರು ಹುಡುಗರನ್ನು ನಮ್ಮ ಮುಂದೆಯೇ ವಾಪಸ್ ಕಳಿಸಿದರು. ಗಂಡಸರು ಪ್ಯಾಂಟು, ಬೂಟು ಹಾಕಿಕೊಂಡೇ ಹೋಗಿ.

ಆ ಫ್ರೀ ಚಿಪ್ಸ್ ಅಂದರೆ ಏನು ಅಂತ ಒಳಗೆ ಹೋದ ಮೇಲೆ ತಿಳಿಯಿತು. ಅದು ಬರೀ ಕೂಪನ್. ನೋಡಲು ಚಿಪ್ಸ್ ತರವೇ ಇದೆ, ಬಣ್ಣ ಬೇರೆ. ನಾದಿನಿ ಅಂಥ ನಾಲ್ಕನ್ನು ಕೈಯಲ್ಲಿ ಹಿಡಿದುಕೊಂಡು ಕ್ಯಾಶ್ ಕೌಂಟರ್‌ಗೆ ಹೋದಳು. ಅಲ್ಲಿದ್ದವನು ಒಂದನ್ನು ತಿರುಗಿಸಿ ಅಂಚು ತೋರಿಸಿ ತಲೆ ಅಲ್ಲಾಡಿಸಿದ. ಅದನ್ನು ದುಡ್ಡು ಮಾಡಿಕೊಳ್ಳಲು ಬರಲ್ಲ. ಟೇಬಲ್ ಮೇಲೆ ಒಂದೇ ಸಲ ಇಡಬೇಕು. ಸೋತರೂ ಹೋಯಿತು, ಗೆದ್ದರೂ ಕೂಪನ್ ಅವರು ತೆಗೆದುಕೊಳ್ಳುತ್ತಾರೆ, ಗೆದ್ದ ಮೊತ್ತಕ್ಕೆ ಮಾತ್ರ ನಿಜವಾದ ಚಿಪ್ಸ್ ಕೊಡುತ್ತಾರೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಲೆಕ್ಕ ಮಾಡದೆ ಬಿಡಲ್ಲ. ರೂಲೆಟ್ ಅಂದರೆ ಚಕ್ರ ತಿರುಗಿಸಿ, ಗೋಲಿ ಯಾವ ಮನೆಗೆ ಬೀಳುತ್ತದೆ ಅಂತ ದುಡ್ಡು ಕಟ್ಟುವ ಆಟ. ಚಕ್ರದಲ್ಲಿ ಒಂದೇ ಸೊನ್ನೆ ಇದ್ದರೆ ಒಟ್ಟು 37 ಮನೆ. 18 ಕೆಂಪು, 18 ಕಪ್ಪು, ಒಂದು ಹಸಿರು ಸೊನ್ನೆ. ಕೆಂಪಿನ ಮೇಲೆ ಕೂಪನ್ ಇಟ್ಟರೆ 37ರಲ್ಲಿ 18 ಸಲ ಗೆಲುವು, ಗೆದ್ದರೆ ಒಂದಕ್ಕೆ ಒಂದು. ಅಂದರೆ 2,000ದ ಕೂಪನ್‌ಗೆ ಸರಾಸರಿ ಕೈಗೆ ಬರುವುದು 970 ರೂಪಾಯಿ ಅಷ್ಟೇ. ಹನ್ನೆರಡು ಅಂಕಿಯ ಗುಂಪಿನ ಮೇಲೆ ಕೂಪನ್ ಇಡಲು ಬಿಟ್ಟರೆ ಅಲ್ಲಿಡಿ. ಅಲ್ಲಿ ಒಂದಕ್ಕೆ ಎರಡು ಕೊಡುತ್ತಾರೆ, ಸರಾಸರಿ 1,300 ಹತ್ತಿರ ಬರುತ್ತದೆ. ಎಲ್ಲ ಕಡೆ ಬಿಡುವುದಿಲ್ಲ, ಟೇಬಲ್‌ನವರನ್ನೇ ಕೇಳಿ.

ಸ್ವಂತ ದುಡ್ಡಿನ ಲೆಕ್ಕ ಹೀಗೆ. 100 ರೂಪಾಯಿ ಕೆಂಪಿನ ಮೇಲೆ ಇಟ್ಟರೆ ಸಲಕ್ಕೆ ಸರಾಸರಿ 2 ರೂಪಾಯಿ 70 ಪೈಸೆ ಹೋಗುತ್ತದೆ. ತಾಸಿಗೆ 40 ಸಲ ಆಡಿದರೆ 108 ರೂಪಾಯಿ. ಎರಡು ಸೊನ್ನೆ ಇರುವ ಚಕ್ರವಾದರೆ ಅದು 210 ಆಗುತ್ತದೆ. ಅದಕ್ಕೇ ಕೂರುವ ಮೊದಲು ಚಕ್ರ ನೋಡಿ. ಕನಿಷ್ಠ ಎಷ್ಟು ಇಡಬೇಕು ಅಂತ ಪ್ರತಿ ಟೇಬಲ್‌ನಲ್ಲೂ ಸಣ್ಣ ಬೋರ್ಡ್ ಇರುತ್ತದೆ, ಅದನ್ನೂ ನೋಡಿ. ಸರಾಸರಿ ಅಂದರೆ ಸರಾಸರಿ, ನಮ್ಮನೆಯವರು ಇಪ್ಪತ್ತು ನಿಮಿಷದಲ್ಲಿ 1,000 ಕಳೆದುಕೊಂಡರು.

ಇದರ ಮೇಲೆ ತೆರಿಗೆ. ಚಿಪ್ಸ್ ಕೊಳ್ಳುವ ದುಡ್ಡಿನ ಮೇಲೆ 2023ರ ಅಕ್ಟೋಬರ್ 1ರಿಂದ ಶೇ 28 ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ಆದ್ದರಿಂದ ಕೌಂಟರ್‌ನಲ್ಲಿ ಒಂದೇ ಪ್ರಶ್ನೆ ಕೇಳಿ: "ಸಾವಿರ ಕೊಟ್ಟರೆ ಆಡಲು ಎಷ್ಟರ ಚಿಪ್ಸ್ ಸಿಗುತ್ತದೆ?" ಉತ್ತರ ಕೇಳಿದ ಮೇಲೆ ದುಡ್ಡು ಕೊಡಿ.

ನಾವು ಒಂದು ಕೆಲಸ ಸರಿಯಾಗಿ ಮಾಡಿದೆವು. ತಲೆಗೆ 1,000 ನಗದು ಮಾತ್ರ ಇಟ್ಟುಕೊಂಡು, ಕಾರ್ಡುಗಳನ್ನೆಲ್ಲ ರೂಮಿನಲ್ಲಿ ಸೂಟ್‌ಕೇಸಿನೊಳಗೆ ಬೀಗ ಹಾಕಿ ಬಂದಿದ್ದೆವು. ನಾದಿನಿಯ ಗಂಡ ಅಂದರ್ ಬಾಹರ್ ಟೇಬಲ್ ನೋಡಿ ಅಲ್ಲೇ ನಿಂತುಬಿಟ್ಟರು. ನಮ್ಮ ಕಡೆ ಜಾತ್ರೆಯಲ್ಲಿ ಕದ್ದುಮುಚ್ಚಿ ಆಡಿ ಪೊಲೀಸರ ಕೈಗೆ ಸಿಗುವ ಆಟ. ಅಲ್ಲಿ ಹಸಿರು ಬಟ್ಟೆ ಹಾಸಿ, ಕೋಟು ಹಾಕಿದ ಹುಡುಗಿ ಎಲೆ ಹಾಕುತ್ತಾಳೆ. ಸಾವಿರ ಎರಡು ಸಾವಿರದ ಮುನ್ನೂರು ಆಯಿತು, ಆಮೇಲೆ ಆರುನೂರಕ್ಕೆ ಇಳಿಯಿತು. "ವೈನಿ, ನಿಮ್ಮ ಹತ್ರ ಐನೂರು ಐತೇನ್ರಿ?" ಅಂತ ನಾದಿನಿ ಬಂದು ಕೇಳಿದಳು. "ಇಲ್ಲವಾ" ಅಂದೆ. ನನ್ನ ಪರ್ಸಿನಲ್ಲಿ 800 ಇತ್ತು. ಆ ಸುಳ್ಳು ಹೇಳಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ಹನ್ನೊಂದರ ಮೇಲೆ ಟೇಬಲ್ ಸುತ್ತ ಮೂರು ಸಾಲು ಜನ. ಸಿಗರೇಟಿನ ಹೊಗೆ, ಭುಜಕ್ಕೆ ಭುಜ ತಾಗುವ ನೂಕಾಟ. ನನಗೆ ಜನಜಂಗುಳಿ ಆಗಿಬರುವುದಿಲ್ಲ, ಮೇಲಿನ ಡೆಕ್‌ಗೆ ಹೋಗಿ ಕೂತೆ. ಊಟ ಚೆನ್ನಾಗಿತ್ತು, ಸಸ್ಯಾಹಾರದವರಿಗೂ ಬೇಕಾದಷ್ಟಿತ್ತು. ಹಾಡು, ಡಾನ್ಸು ನೋಡಿಕೊಂಡು ತಂಪು ಗಾಳಿಯಲ್ಲಿ ಮೂರು ತಾಸು ಹಾಯಾಗಿ ಕಳೆದೆ. 2,000ಕ್ಕೆ ಒಂದು ಒಳ್ಳೆಯ ಊಟ, ಒಂದು ಕಾರ್ಯಕ್ರಮ ಅಂತ ತಿಳಿದು ಹೋದರೆ ದುಡ್ಡು ವ್ಯರ್ಥ ಅನಿಸಲ್ಲ. ನನ್ನ ತರದವರು ವಾರದ ನಡುವೆ ಹೋಗಿ, ಏಳು ಗಂಟೆಗೇ ಒಳಗೆ ಹೋಗಿ.

ಬಿಟ್ಟಿಯಾಗಿ ಸಿಗುವ ಖುಷಿಯೂ ಇದೆ. ಪಣಜಿಯಿಂದ ಆಚೆ ದಂಡೆಯ ಬೇತಿಂ ಊರಿಗೆ ಫೆರಿ ಇದೆ, ನಡೆದು ಹತ್ತುವವರಿಗೆ ಟಿಕೆಟ್ ಇಲ್ಲ. ಕತ್ತಲಾದ ಮೇಲೆ ಒಮ್ಮೆ ಹೋಗಿ ಅದರಲ್ಲೇ ವಾಪಸ್ ಬನ್ನಿ. ದೀಪ ಹಚ್ಚಿಕೊಂಡು ನಿಂತ ಕ್ಯಾಸಿನೊ ಹಡಗುಗಳು, ನೀರಿನಲ್ಲಿ ಉದ್ದಕ್ಕೆ ಅಲುಗುವ ಕೆಂಪು, ನೀಲಿ ಬೆಳಕು. ಹಡಗಿನ ಒಳಗಿಂದ ಇದು ಕಾಣುವುದೇ ಇಲ್ಲ.

ಈಗ ನಾನು ಮನಸಾರೆ ಹೊಗಳಬೇಕಾದ ಜಾಗ. ಮಾರ್ಕೆಟ್ ಹತ್ತಿರದ ಓಣಿಯಲ್ಲಿ ಆರೇ ಟೇಬಲ್ಲಿನ ಒಂದು ಹೋಟೆಲು. ಬೋರ್ಡು ಮಾಸಿ ಹೋಗಿದೆ. ಬೆಳಗ್ಗೆ ಏಳಕ್ಕೆ ಹೋದೆವು. ಆಗ ತಾನೇ ಸೈಕಲ್ ಮೇಲೆ ಪಾವ್ ಮಾರುವವನು ಭೋಂ ಭೋಂ ಅಂತ ಹಾರ್ನ್ ಒತ್ತುತ್ತ ಬಂದು, ಬುಟ್ಟಿಯ ನೀಲಿ ತಾಡಪತ್ರಿ ಸರಿಸಿ ಪಾವ್ ಎಣಿಸಿ ಕೊಡುತ್ತಿದ್ದ. ಅದರಲ್ಲಿ ಪೊಯಿ ಅಂತ ಒಂದಿದೆ. ದುಂಡಗೆ, ಮೇಲೆ ಗೋಧಿ ತೌಡು ಉದುರಿಸಿದ್ದು, ಒಳಗೆ ಪೊಳ್ಳು. ಬಿಸಿ ಇದ್ದಾಗ ಹರಿದರೆ ಒಳಗಿಂದ ಹಬೆ ಬರುತ್ತದೆ. ಅದರ ಜೊತೆ ಪಾತಳ ಭಾಜಿ. ಒಣ ಬಟಾಣಿ, ಕಾಯಿ, ಮಸಾಲೆ ಹಾಕಿದ ತೆಳು ಪಲ್ಯ. ಬದಿಗೆ ಒಂದು ಹಸಿಮೆಣಸಿನ ಬಜ್ಜಿ. ನಮ್ಮ ಮಿರ್ಚಿ ತಿಂದವರಿಗೆ ಆ ಬಜ್ಜಿ ಸಪ್ಪೆ, ಆದರೆ ಭಾಜಿಯಲ್ಲಿ ಅದ್ದಿದರೆ ಬೇರೆಯೇ ರುಚಿ. ನಾಲ್ವರೂ ಎರಡೆರಡು ಸಲ ತಿಂದು, ಚಹಾ ಕುಡಿದು ಕೊಟ್ಟಿದ್ದು 340 ರೂಪಾಯಿ. ಎರಡೂ ದಿನ ಅಲ್ಲೇ ಹೋದೆವು. ಕಟ್ಟಿಕೊಂಡು ಹೋಗಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಹಾಗೇ ಉಳಿದವು.

ಅಲ್ಲಿ ಪ್ಲೇಟು ಇಡುತ್ತಿದ್ದವರು ರೋಣ ತಾಲ್ಲೂಕಿನವರು, ಇಪ್ಪತ್ತು ವರ್ಷದಿಂದ ಪಣಜಿಯಲ್ಲಿದ್ದಾರೆ. ನಮ್ಮ ಮಾತು ಕೇಳಿ ತಾವೇ ಬಂದು ಮಾತಾಡಿಸಿದರು. ಮೋಸದ ಕತೆ ಹೇಳಿದೆವು. "ಅಯ್ಯೋ ಅಕ್ಕಾರ, ಮೊದಲ ಇಲ್ಲಿಗೆ ಬರಬೇಕಿಲ್ಲೇನ್ರಿ" ಅಂದರು. ನೀವು ಯಾವಾಗಾದರೂ ಕ್ಯಾಸಿನೊಗೆ ಹೋಗಿದ್ದೀರಾ ಅಂತ ನಮ್ಮನೆಯವರು ಕೇಳಿದರು. "ನಮ್ಮ ಆಧಾರ್ ಇಲ್ಲಿದಾಗ್ಯದರಿ, ಒಳಗ ಬಿಡಂಗಿಲ್ಲ" ಅಂದರು. ಗೋವಾದವರಿಗೆ ಕ್ಯಾಸಿನೊ ಪ್ರವೇಶವನ್ನು 2020ರಲ್ಲಿ ನಿಲ್ಲಿಸಿದ್ದಾರೆ, ಅಲ್ಲಿ ಆಡುವವರೆಲ್ಲ ನಮ್ಮಂಥ ಹೊರಗಿನವರು. ಎರಡನೇ ದಿನ ಅವರು ನಮಗಾಗಿ ಎಂಟು ಪೊಯಿ ತೆಗೆದಿಟ್ಟಿದ್ದರು.

ವಾಪಸ್ ಬರುವಾಗ ಶನಿವಾರ ರಾತ್ರಿಯ ಖಾಸಗಿ ಸ್ಲೀಪರ್ ಬಸ್ಸು ಮಾಡಿದ್ದೇ ದೊಡ್ಡ ತಪ್ಪು. ತಲೆಗೆ 900. ಒಂಬತ್ತೂವರೆಗೆ ನಿಲ್ದಾಣದ ಹತ್ತಿರ ಬರಬೇಕಿತ್ತು. ಎಂಟೂಮುಕ್ಕಾಲಿಗೆ ಮೆಸೇಜ್ ಬಂತು, ಊರ ಹೊರಗಿನ ಮೇರ್ಸೆಸ್ ಸರ್ಕಲ್‌ಗೆ ಬನ್ನಿ ಅಂತ. ಆಟೊಗೆ ದುಡ್ಡು ಕೊಟ್ಟು ಹೋದೆವು. ಬಸ್ಸು ಬಂದಿದ್ದು 11.50ಕ್ಕೆ. ಕೂರಲು ಒಂದು ಕಟ್ಟೆ ಇಲ್ಲ, ಶೌಚಾಲಯ ಇಲ್ಲ. ಒಂದು ಬಾಣಂತಿ ಕೂಸು ಕಟ್ಟಿಕೊಂಡು ರಸ್ತೆ ಬದಿಯಲ್ಲಿ ನಿಂತಿದ್ದಳು. ಹತ್ತಿದರೆ ನಮ್ಮ ಬರ್ತಿನಲ್ಲಿ ಬೇರೆಯವರು ಮಲಗಿದ್ದಾರೆ. ಕ್ಲೀನರ್ ನಮ್ಮನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ. ಮೇಲಿನ ಎಸಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾದಿನಿ ರೊಟ್ಟಿ ಕಟ್ಟಿದ್ದ ಪ್ಲಾಸ್ಟಿಕ್ ಬಿಚ್ಚಿ ಭುಜದ ಮೇಲೆ ಹೊದ್ದುಕೊಂಡು ರಾತ್ರಿ ಪೂರ್ತಿ ಕೂತಿದ್ದಳು. ಹುಬ್ಬಳ್ಳಿ ಊರೊಳಗೆ ಬರಲೇ ಇಲ್ಲ. ಬೆಳಗಿನ ಐದು ಗಂಟೆಗೆ ಬೈಪಾಸ್‌ನಲ್ಲಿ ಇಳಿಸಿ ಹೋದರು.

ಟಿಕೆಟ್‌ಗೆ 4,000, ಎರಡು ರೂಮಿಗೆ 1,800, ಬಸ್ಸಿಗೆ 2,200. ಹೀಗೆ 8,000 ರೂಪಾಯಿ ಸುಮ್ನೆ ಹೆಚ್ಚಿಗೆ ಹೋಯಿತು. ಮಂಗಳವಾರ ಹೋಗಿ, ಗುರುವಾರ ಬೆಳಗಿನ ಸರ್ಕಾರಿ ಬಸ್ಸಿಗೆ ವಾಪಸ್ ಬನ್ನಿ, ಇದೆಲ್ಲ ಉಳಿಯುತ್ತದೆ. ಅಲ್ಲಿ ಅಗ್ಗ ಅಂತ ಬಾಟಲಿ ತರಬೇಡಿ. ಪರವಾನಗಿ ಇಲ್ಲದೆ ಗೋವಾದ ಮದ್ಯ ಕರ್ನಾಟಕದೊಳಗೆ ತರುವುದು ಅಪರಾಧ. ಅನಮೋಡ ಚೆಕ್‌ಪೋಸ್ಟ್‌ನಲ್ಲಿ ಅಬಕಾರಿಯವರು ಬಸ್ಸು ನಿಲ್ಲಿಸಿ ಚೀಲ ನೋಡುತ್ತಾರೆ, ಒಬ್ಬನಿಂದ ಇಡೀ ಬಸ್ಸು ಕಾಯಬೇಕಾಗುತ್ತದೆ.

ಆ ಹೋಟೆಲಿಗೆ ಹೋಗುವುದಾದರೆ ಎಂಟರೊಳಗೆ ಹೋಗಿ. ಎಂಟೂವರೆಗೆ ಪೊಯಿ ಮುಗಿದಿರುತ್ತದೆ.