ಮಿಫುನೆ ಎದುರು ನಿಂತಿದ್ದ ಆ ಇನ್ನೊಬ್ಬ

ಹಳೇ ಜಪಾನಿ ಸಿನಿಮಾ ಅಂದ ಕೂಡಲೇ ಎಲ್ಲರೂ ನಟ ತೊಶಿರೊ ಮಿಫುನೆ ಹೆಸರು ಹೇಳುತ್ತಾರೆ. ಹೇಳಲಿ. ನನ್ನ ಓಟು ಮಾತ್ರ ತತ್ಸುಯಾ ನಕಾದಾಯ್‌ಗೆ. 'ಯೊಜಿಂಬೊ'ದಲ್ಲಿ ಎಲ್ಲರೂ ಕತ್ತಿ ಹಿಡಿದು ಓಡಾಡುವ ಊರಿಗೆ ಪಿಸ್ತೂಲು ತಂದು ನಗುತ್ತಾ ನಿಲ್ಲುತ್ತಾನಲ್ಲ, ಆ ಪಾತ್ರ ಮಾಡಿದವರು.

1932ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಇವರು ನಟನೆ ಕಲಿತದ್ದು ಹೈಯೂಜಾ ಎಂಬ ನಾಟಕ ತಂಡದ ಶಾಲೆಯಲ್ಲಿ. 1954ರ 'ಸೆವೆನ್ ಸಮುರಾಯ್'ನಲ್ಲಿ ಕೆಲವೇ ಸೆಕೆಂಡು ಸುಮ್ನೆ ಬೀದಿಯಲ್ಲಿ ನಡೆದು ಹೋಗುವ ಕೆಲಸ ಸಿಕ್ಕಿತು. ಆ ನಡಿಗೆಯೂ ನಿರ್ದೇಶಕ ಅಕಿರಾ ಕುರೊಸಾವಾಗೆ ಹಿಡಿಸದೆ, ಗಂಟೆಗಟ್ಟಲೆ ಮತ್ತೆ ಮತ್ತೆ ನಡೆಸಿದರಂತೆ. ಏಳು ವರ್ಷದ ಮೇಲೆ ಅದೇ ಕುರೊಸಾವಾ 'ಯೊಜಿಂಬೊ'ದಲ್ಲಿ ಇವರನ್ನು ಮಿಫುನೆಗೆ ಎದುರಾಳಿಯಾಗಿ ನಿಲ್ಲಿಸಿದರು!

ಆಗೆಲ್ಲ ಜಪಾನಿನ ದೊಡ್ಡ ನಟರು ಒಂದೊಂದು ಸ್ಟುಡಿಯೊಗೆ ಕಟ್ಟುಬಿದ್ದಿರುತ್ತಿದ್ದರು. ನಕಾದಾಯ್ ಹಾಗೆ ಸಹಿ ಹಾಕಲಿಲ್ಲ. ಅದಕ್ಕೇ ಕೊಬಯಾಶಿ, ನರುಸೆ, ಇಚಿಕಾವಾರಂಥ ನಿರ್ದೇಶಕರೆಲ್ಲರ ಜೊತೆಗೂ ಕೆಲಸ ಮಾಡಲು ಆಯಿತು, ನಾಟಕವನ್ನೂ ಬಿಡಬೇಕಾಗಲಿಲ್ಲ. ಅವರ ಬಹುದೊಡ್ಡ ಜಾಣತನ ಇದೇ ಅಂತ ನನಗನ್ನಿಸುತ್ತದೆ.

ಕೊಬಯಾಶಿಯ 'ಹರಕಿರಿ' (1962) ನೋಡಿ. ಅಂಗಳದಲ್ಲಿ ಹಾಸಿದ ಚಾಪೆ ಮೇಲೆ ಕೂತು, ಸುತ್ತ ಕತ್ತಿ ಹಿಡಿದವರಿರುವಾಗ, ತನ್ನ ಮನೆಯ ಕಥೆ ಹೇಳುತ್ತಾ ಹೋಗುತ್ತಾರೆ. ಮೈ ಅಲ್ಲಾಡುವುದೇ ಇಲ್ಲ. ಎಲ್ಲಾ ಆ ಆಳದ ದನಿ, ಆ ದೊಡ್ಡ ಕಣ್ಣು. ಮೊಮ್ಮಗನನ್ನು ಕಂಡ ಅಜ್ಜನ ಪಾತ್ರ ಅದು, ಇವರಿಗಿನ್ನೂ 30 ತುಂಬಿರಲಿಲ್ಲ. ನಾಟಕದಲ್ಲಿ ಪಳಗಿದ ಗಂಟಲಿಲ್ಲದೆ ಇದು ಆಗುವ ಮಾತಲ್ಲ, ಅಲ್ವಾ?

ಕುರೊಸಾವಾರ 'ರಾನ್' (1985) ಮಾಡಿದಾಗ ಇವರಿಗೆ 52, ಪಾತ್ರಕ್ಕೆ 70. ಉರಿಯುತ್ತಿರುವ ಕೋಟೆಯಿಂದ ಬುದ್ಧಿ ಕೆಟ್ಟ ದೊರೆ ಮೆಟ್ಟಿಲಿಳಿದು ಬರುತ್ತಾನೆ, ಕೈಯಲ್ಲಿ ಕತ್ತಿಯಿಲ್ಲದ ಖಾಲಿ ಒರೆ. ಫ್ಯೂಜಿ ಬೆಟ್ಟದ ಇಳಿಜಾರಲ್ಲಿ ಕಟ್ಟಿದ ಆ ಕೋಟೆಗೆ ನಿಜವಾಗಿಯೇ ಬೆಂಕಿ ಇಟ್ಟಿದ್ದರು. ಎಡವಿದ್ದರೆ ಎರಡನೇ ಟೇಕ್ ಇರಲಿಲ್ಲ. ಒಂದು ಕಾಲದಲ್ಲಿ ನಡೆಯಲು ಬರಲ್ಲ ಅನ್ನಿಸಿಕೊಂಡವರು ಇವರೇ!

ಇಷ್ಟರ ನಡುವೆ 1975ರಲ್ಲಿ ಹೆಂಡತಿ ಯಸುಕೊ ಮಿಯಾಜಾಕಿ ಜೊತೆ ಮುಮೆಯ್‌ಜುಕು ಎಂಬ ನಟನಾ ಶಾಲೆ ಕಟ್ಟಿದರು. ಫೀಸು ಇಲ್ಲ. ನಟ ಕೋಜಿ ಯಕುಶೊ ಅಲ್ಲಿಂದ ಬಂದವರೇ. ಈ ತಂಡದ ನಂಟಿನಿಂದಲೇ ಜಪಾನಿನ ನೋಟೊ ಸೀಮೆಯಲ್ಲಿ 1995ರಲ್ಲಿ ಒಂದು ರಂಗಮಂದಿರ ಎದ್ದಿತು. ಅಲ್ಲಿ ರಂಗದ ಹಿಂದಿನ ಗೋಡೆ ತೆರೆದರೆ ಹೊರಗಿನ ಬಯಲೇ ನಾಟಕದ ಭಾಗವಾಗುತ್ತದೆ. 90 ದಾಟಿದ ಮೇಲೂ ನಾಟಕ ಆಡಿದರು. 2025ರ ನವೆಂಬರಿನಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು.

ಇವರ ಸಿನಿಮಾ ಹೊಸದಾಗಿ ನೋಡುವವರು 'ಹರಕಿರಿ'ಯಿಂದಲೇ ಶುರು ಮಾಡಿ. ಒಂಬತ್ತೂವರೆ ಗಂಟೆಯ 'ದಿ ಹ್ಯೂಮನ್ ಕಂಡಿಷನ್' ಆಮೇಲೆ, ಸಾಲು ರಜೆ ಸಿಕ್ಕಾಗ.